ಕತ್ತಲಗೆರೆಯ ಕಾಲುವೆ ದಾರಿಯಲ್ಲಿ

ಸಹೋದರಿಯರೇ, ಪ್ರವಾಸ ಎಂದೊಡನೆ ನಮ್ಮ ಮನಸ್ಸು ಊಟಿಗೋ ಜೋಗಕ್ಕೋ ಓಡುತ್ತದೆ. ಇಂದು ನಾನು ನಿಮ್ಮನ್ನು ಕರೆದೊಯ್ಯುತ್ತಿರುವುದು ಅಂಥ ಊರಿಗಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನಲ್ಲಿ ಕತ್ತಲಗೆರೆ ಎಂಬ ಹಳ್ಳಿಯಿದೆ. ಟಿಕೇಟು ಕೊಟ್ಟು ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಭದ್ರಾ ಕಾಲುವೆಯ ನೀರು, ಭತ್ತದ ಗದ್ದೆಗಳು, ಅಡಿಕೆ ತೋಟಗಳು, ಒಂದು ಕೃಷಿ ಸಂಶೋಧನಾ ಕೇಂದ್ರ, ಇಷ್ಟೇ. ಆದರೂ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಅಲ್ಲಿ ಹತ್ತು ದಿನ ವಿದ್ಯಾರ್ಥಿನಿಯಾಗಿದ್ದು ಬಂದೆ. ಆ ಕಥೆಯನ್ನು ನಿಮಗೆ ಹೇಳಬೇಕು.

ಹೋದದ್ದು ಜನವರಿಯಲ್ಲಿ. ನನ್ನ ಅಕ್ಕನ ಮನೆ ಅಲ್ಲಿದೆ. ಶಿವಮೊಗ್ಗದಿಂದ ಚನ್ನಗಿರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಚನ್ನಗಿರಿ ತಾಲೂಕು ಎಂದರೆ ಬರಿಯ ಅಡಿಕೆಯ ನಾಡಲ್ಲ. ಶಿವಾಜಿಯ ತಂದೆ ಷಹಾಜಿ 1664ರಲ್ಲಿ ಕೊನೆಯುಸಿರೆಳೆದದ್ದು ಇದೇ ತಾಲೂಕಿನ ಹೊದಿಗೆರೆಯಲ್ಲಿ. ಅವರ ಸಮಾಧಿ ಈಗಲೂ ಅಲ್ಲಿದೆ. ಕಣ್ಣು ಹಾಯುವಷ್ಟು ದೂರ ನೀರು ಹರಡಿಕೊಂಡ ಸೂಳೆಕೆರೆ, ಅಂದರೆ ಶಾಂತಿಸಾಗರವೂ ಈ ತಾಲೂಕಿನದೇ. ಹಿಂದೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲೂಕು 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಬಂತು. ಕತ್ತಲಗೆರೆಯ ಸಂಶೋಧನಾ ಕೇಂದ್ರ ಮಾತ್ರ ಇಂದಿಗೂ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ನಾನು ಇಳಿದಾಗ ಬೇಸಿಗೆ ಬೆಳೆಗೆಂದು ಕಾಲುವೆಗೆ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ನಾಟಿಯ ಗಡಿಬಿಡಿ. ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ಎಲ್ಲಿ ನಿಂತರೂ ಹರಿಯುವ ನೀರಿನ ಸದ್ದು. ಕಾಲುವೆಯ ಪಕ್ಕದಲ್ಲೇ ಒಂದು ಮಣ್ಣಿನ ದಾರಿ ನೇರವಾಗಿ ಸಾಗುತ್ತದೆ. ಆ ದಾರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ಮಗಳಿಗೆ ಈಗ ಇಪ್ಪತ್ತು ವರ್ಷ. ಆರೇಳು ವರ್ಷದವಳಿದ್ದಾಗ ಮುಸ್ಸಂಜೆಯಾದರೆ ತಡವರಿಸುತ್ತಿದ್ದಳು, ಇರುಳುಗಣ್ಣು ಎಂದುಕೊಂಡೆವು. ಕಣ್ಣಿನ ಒಳಪೊರೆಯ ಕಾಯಿಲೆ ಅದು ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಹದಿನೈದನೆಯ ವರ್ಷಕ್ಕೆ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು. ಪಿ.ಯು.ಸಿ. ಮುಗಿಸಿದಳು. ಈಗ ಮನೆಯಲ್ಲೇ ಕುಳಿತು ಬಿ.ಎ. ಓದುತ್ತಿದ್ದಾಳೆ. ಮಾತಿನಲ್ಲಿ ಬಲು ಚುರುಕು. "ಊರಿನ ಹೆಸರಿನಲ್ಲೇ ಕತ್ತಲೆ ಇದೆ ಖಾಲಾ, ಎಲ್ಲರೂ ನನ್ನ ಕಣ್ಣಿಗೆ ಮಾತ್ರ ಯಾಕೆ ಮರುಗುತ್ತಾರೋ!" ಎಂದು ನಗುತ್ತಾಳೆ.

ಮೊದಲ ದಿನ ಫಜ್ರ್ ನಮಾಝ್ ಮುಗಿಸಿ ಕುಳಿತಿದ್ದೆ. ಹಿತ್ತಲಿನಿಂದ ಗರಗರ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಅವಳ ಅಣ್ಣನ ಹಳೆಯ ಸೈಕಲನ್ನು ಜೋಡಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎರಡು ಇಟ್ಟಿಗೆ ಕೊಟ್ಟು ಇವಳು ಪೆಡಲು ತುಳಿಯುತ್ತಿದ್ದಾಳೆ. ಹಿಂದಿನ ಚಕ್ರ ನೆಲಕ್ಕೆ ತಾಗದೆ ಗಾಳಿಯಲ್ಲಿ ತಿರುಗುತ್ತಿದೆ. ಬ್ರೇಕಿನ ರಬ್ಬರನ್ನು ಸ್ವಲ್ಪ ಬಿಗಿಮಾಡಿದ್ದಾರೆ, ಏರು ಹತ್ತಿದಷ್ಟೇ ಭಾರ ಬರಲಿ ಎಂದು. ಅವಳ ದುಪಟ್ಟಾ ಬೆವರಿನಿಂದ ಒದ್ದೆ.

"ಇದೇನು ಹುಚ್ಚು?" ಎಂದೆ.

"ಟ್ರಯಥ್ಲಾನ್ ಖಾಲಾ. ಈಜು, ಸೈಕಲ್, ಓಟ. ಮೂರೂ ಒಂದರ ಹಿಂದೆ ಒಂದು, ನಡುವೆ ವಿಶ್ರಾಂತಿ ಇಲ್ಲ."

ಮೊಬೈಲಿನಲ್ಲಿ ಎಲ್ಲವನ್ನೂ ಓದಿ ಹೇಳುವ ವ್ಯವಸ್ಥೆ ಇದೆಯಲ್ಲ, ಅದರಿಂದ ಅವಳು ಇದನ್ನೆಲ್ಲ ತಿಳಿದುಕೊಂಡಿದ್ದಳು. ನಾನು ಬಿ.ಎ. ಮಾಡಿದವಳು, ಆದರೆ ಈ ಪದವನ್ನು ಅಂದೇ ಮೊದಲು ಕೇಳಿದ್ದು. ನಿಮ್ಮಲ್ಲೂ ನನ್ನಂಥವರು ಇರಬಹುದು. ಅವಳು ಹೇಳಿದ್ದನ್ನೂ ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

1978ರಲ್ಲಿ ಅಮೆರಿಕದ ಹವಾಯಿಯಲ್ಲಿ ಹದಿನೈದು ಮಂದಿ ಒಂದು ಸ್ಪರ್ಧೆಗೆ ನಿಂತರು. ಸುಮಾರು 3.8 ಕಿ.ಮೀ. ಸಮುದ್ರದಲ್ಲಿ ಈಜು, 180 ಕಿ.ಮೀ. ಸೈಕಲ್, ಕೊನೆಗೆ 42 ಕಿ.ಮೀ. ಓಟ. ಬೆಂಗಳೂರಿನಿಂದ ಹಾಸನದವರೆಗೆ ಸೈಕಲ್ ತುಳಿದು ಬಂದು ಆಮೇಲೆ ಓಡಲು ಶುರುಮಾಡಿದಂತೆ! ಹನ್ನೆರಡು ಮಂದಿ ಮುಗಿಸಿದರು. ಅದಕ್ಕೆ ಐರನ್‌ಮ್ಯಾನ್ ಎಂಬ ಹೆಸರು ಬಂತು. ಅದರ ಅರ್ಧದಷ್ಟು ದೂರದ ಸ್ಪರ್ಧೆಯೂ ಇದೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21 ಕಿ.ಮೀ. ಓಟ. 2019ರಲ್ಲಿ ನಮ್ಮ ಪಕ್ಕದ ಗೋವಾದಲ್ಲಿಯೂ ಈ ಅರ್ಧ ದೂರದ ಸ್ಪರ್ಧೆ ನಡೆಯಿತು.

ಕೈಕಾಲು, ಕಣ್ಣು ಎಲ್ಲ ಇದ್ದವರಿಗೇ ಇದು ಕಷ್ಟ. ಇಲ್ಲದವರು? ಅವರೂ ಮಾಡಿದ್ದಾರೆ. ಅಮೆರಿಕದ ಸಾರಾ ರೈನರ್ಟ್‌ಸನ್ ಎಂಬ ಮಹಿಳೆಯ ಎಡಗಾಲನ್ನು ಏಳನೆಯ ವಯಸ್ಸಿನಲ್ಲೇ ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. 2004ರಲ್ಲಿ ಹವಾಯಿಯ ಸ್ಪರ್ಧೆಗೆ ಹೋದಾಗ ಸೈಕಲ್ ಮುಗಿಸಲು ಕೊಟ್ಟ ಸಮಯ ಮೀರಿತು, ಓಡಲು ಬಿಡಲಿಲ್ಲ. ಮರುವರ್ಷ ಮತ್ತೆ ಹೋದರು, ಮುಗಿಸಿದರು. ಮಿದುಳಿನ ಪಾರ್ಶ್ವವಾಯುವಿನಿಂದ ಕೈಕಾಲು ಆಡದ ರಿಕ್ ಹಾಯ್ಟ್ ಎಂಬ ಮಗನನ್ನು ಅವನ ತಂದೆ ಡಿಕ್, ಈಜುವಾಗ ದೋಣಿಯಲ್ಲಿ ಎಳೆದು, ಸೈಕಲಿನ ಮುಂದೆ ಕೂರಿಸಿಕೊಂಡು, ಓಡುವಾಗ ಗಾಲಿಕುರ್ಚಿಯಲ್ಲಿ ತಳ್ಳಿ 1989ರಲ್ಲಿ ಅದೇ ಸ್ಪರ್ಧೆಯನ್ನು ಮುಗಿಸಿದರು. ಆ ತಂದೆಯೂ ಮಗನೂ ಈಗ ಇಲ್ಲ. ನಮ್ಮ ದೇಶದಲ್ಲಿ, ಮಹಾರಾಷ್ಟ್ರದ ಔರಂಗಾಬಾದಿನ ನಿಕೇತ್ ದಲಾಲ್ ದೃಷ್ಟಿ ಕಳೆದುಕೊಂಡ ಮೇಲೆ 2020ರಲ್ಲಿ ದುಬೈಯ ಅರ್ಧ ಐರನ್‌ಮ್ಯಾನ್ ಪೂರೈಸಿದರು. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಿಂದ ಅಂಗವಿಕಲರ ಟ್ರಯಥ್ಲಾನ್ ಅಲ್ಲಿಯೂ ಇದೆ. ಅಲ್ಲಿ ದೂರ ಕಡಿಮೆ, 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ.

ಅಕ್ಕನ ಮಗಳಿಗೆ ಕಂಠಪಾಠವಾಗಿದ್ದ ಹೆಸರುಗಳಲ್ಲಿ ಕರ್ನಾಟಕದವೂ ಇದ್ದವು. ಎಡಗೈ ಪೂರ್ತಿ ಬೆಳೆಯದೆ ಹುಟ್ಟಿದ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಈಜಿ ಆರು ಪದಕ ತಂದರು. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ನಿರಂಜನ್ ಮುಕುಂದನ್ ಚಿಕಿತ್ಸೆಗೆಂದು ನೀರಿಗಿಳಿದು ಟೋಕಿಯೋ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಬಿಹಾರ ಮೂಲದ ಶಮ್ಸ್ ಆಲಂ, ಬೆನ್ನುಹುರಿಯ ಗಡ್ಡೆಯಿಂದ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೂ 2017ರಲ್ಲಿ ಗೋವಾದ ಕಡಲಿನಲ್ಲಿ 8 ಕಿ.ಮೀ. ಈಜಿದರು.

ಆದರೆ ಅವಳ ಪಾಲಿಗೆ ಎಲ್ಲರಿಗಿಂತ ಮೇಲಿನವರು ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು. ಕಣ್ಣು ಕಾಣದು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಸಾಕಿದ ಅಜ್ಜಿಗೆ ಕಿವಿ ಕೇಳಿಸದು, ಮಾತು ಬಾರದು. ಮೊಮ್ಮಗಳಿಗೆ ಅಜ್ಜಿಯ ಸನ್ನೆ ಕಾಣದು, ಅಜ್ಜಿಗೆ ಮೊಮ್ಮಗಳ ಮಾತು ಕೇಳದು. ಆ ಮನೆಯನ್ನು ಒಮ್ಮೆ ಊಹಿಸಿಕೊಳ್ಳಿ! ಚಿಕ್ಕಮಗಳೂರಿನ ಆಶಾಕಿರಣ ಅಂಧರ ಶಾಲೆಯಲ್ಲಿ ಓದುತ್ತಾ ಓಟಕ್ಕಿಳಿದ ಆ ಹುಡುಗಿ 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿಯೂ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ಓಡಿದರು. ಅವರ ಪಕ್ಕದಲ್ಲಿ ಒಂದು ಗಿಡ್ಡ ಹಗ್ಗ ಹಿಡಿದು ಮಾರ್ಗದರ್ಶಿ ರಾಹುಲ್ ಬಾಲಕೃಷ್ಣ ಓಡುತ್ತಾರೆ.

"ನೋಡಿದಿರಾ ಖಾಲಾ, ಹಗ್ಗಕ್ಕೆ ಎರಡು ತುದಿ," ಎಂದಳು ಹುಡುಗಿ. "ನನ್ನ ಹತ್ತಿರ ಒಂದು ತುದಿ ಇದೆ."

ಆಮೇಲೆ ಮೆಲ್ಲಗೆ ಕೇಳಿದಳು: "ನೀವು ಇರುವಷ್ಟು ದಿನ ನನ್ನ ಜೊತೆ ಓಡುತ್ತೀರಾ? ಅಣ್ಣ ಬೆಳಗ್ಗೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲದೆ ಟ್ರಯಥ್ಲಾನಿನಲ್ಲಿ ಹೆಣ್ಣಿಗೆ ಹೆಣ್ಣೇ ಮಾರ್ಗದರ್ಶಿಯಾಗಬೇಕು, ಹಾಗೆಂದು ನಿಯಮವಿದೆ."

ಆ ನಿಯಮ ನಿಜ. ಟ್ರಯಥ್ಲಾನಿನಲ್ಲಿ ಕಣ್ಣು ಕಾಣದ ಸ್ಪರ್ಧಿಯ ಜೊತೆ ಒಬ್ಬ ಮಾರ್ಗದರ್ಶಿ ಇರುತ್ತಾರೆ. ನೀರಿನಲ್ಲಿ ಇಬ್ಬರನ್ನೂ ಒಂದು ಹಗ್ಗ ಕೂಡಿಸುತ್ತದೆ. ಆಮೇಲೆ ಇಬ್ಬರು ತುಳಿಯುವ ಜೋಡಿ ಸೈಕಲಿನಲ್ಲಿ ಮಾರ್ಗದರ್ಶಿ ಮುಂದೆ, ಸ್ಪರ್ಧಿ ಹಿಂದೆ. ಕೊನೆಗೆ ಓಟದಲ್ಲಿ ಮತ್ತೆ ಹಗ್ಗ. ಮಾರ್ಗದರ್ಶಿ ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಸ್ಪರ್ಧಿ ಪುರುಷನಾದರೆ ಮಾರ್ಗದರ್ಶಿಯೂ ಪುರುಷ, ಮಹಿಳೆಯಾದರೆ ಮಹಿಳೆ. ಅಂದರೆ ಓಡಬಲ್ಲ ಮಹಿಳೆಯೊಬ್ಬಳು ಸಿಗದಿದ್ದರೆ ಕಣ್ಣು ಕಾಣದ ಮಹಿಳೆಯ ಸ್ಪರ್ಧೆ ಶುರುವಾಗುವುದೇ ಇಲ್ಲ.

ನಾನು ಏನು ಹೇಳಿದೆ ಗೊತ್ತೇ? "ನನಗೆ ಮಂಡಿನೋವು ಮಗಳೇ. ಈ ವಯಸ್ಸಿನಲ್ಲಿ ರಸ್ತೆಯಲ್ಲಿ ಓಡಿದರೆ ಜನ ಏನೆನ್ನುತ್ತಾರೆ? ನಿನಗೂ ಇದೆಲ್ಲ ಯಾಕೆ? ಓದು, ನೌಕರಿ ಮಾಡು."

ಅವಳು "ಸರಿ ಖಾಲಾ" ಎಂದಳು. ಮತ್ತೆ ಸೈಕಲ್ ಹತ್ತಿದಳು. ಗಾಳಿಯಲ್ಲಿ ಚಕ್ರ ತಿರುಗತೊಡಗಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ಕ್ರೀಡಾದಿನ ನೆನಪಾಯಿತು. ನನ್ನ ತರಗತಿಯಲ್ಲಿ ಪೋಲಿಯೋದಿಂದ ಕುಂಟುವ ಒಬ್ಬ ಹುಡುಗಿ ಇದ್ದಳು. ಓಟಕ್ಕೆ ಹೆಸರು ಕೊಡಲು ಬಂದಾಗ, "ನೀನು ಬೀಳುತ್ತೀಯ, ಇಲ್ಲಿ ಕುಳಿತು ಎಲ್ಲರ ಚಪ್ಪಲಿ ನೋಡಿಕೊ" ಎಂದಿದ್ದೆ. ಪ್ರೀತಿಯಿಂದಲೇ ಹೇಳಿದ್ದೆ. ಅವಳು ಸಂಜೆಯವರೆಗೆ ಚಪ್ಪಲಿ ಕಾದಳು. ಅದೇ ವರ್ಷ ಮಕ್ಕಳಿಗೆ ಪ್ರವಾದಿಯವರ(ಸ) ಅಂಧ ಅನುಚರ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್‌ರ(ರ) ಕುರಿತು ಪಾಠ ಮಾಡಿದ್ದೆ. ಅವರು ಅದಾನ್ ಕೊಡುತ್ತಿದ್ದರು, ಪ್ರವಾದಿಯವರು(ಸ) ಹೊರಗೆ ಹೋದಾಗ ಮದೀನಾದ ಹೊಣೆಯನ್ನೇ ಹೊತ್ತಿದ್ದರು ಎಂದು. ಪಾಠದಲ್ಲಿ ಊರಿನ ಹೊಣೆ, ಮೈದಾನದಲ್ಲಿ ಚಪ್ಪಲಿಯ ಹೊಣೆ! ಕರುಣೆ ಎಂದುಕೊಂಡು ನಾನು ಆ ಮಗುವಿನ ಪಾಲಿನ ಓಟವನ್ನು ಕಿತ್ತುಕೊಂಡಿದ್ದೆ.

ಬೆಳಗ್ಗೆ ನಮಾಝ್ ಆದ ಮೇಲೆ ಅವಳನ್ನು ಕರೆದೆ. ನನ್ನ ಹಳೆಯ ದುಪಟ್ಟಾವನ್ನು ಹುರಿ ಮಾಡಿ ಒಂದು ತುದಿ ಅವಳ ಮಣಿಕಟ್ಟಿಗೆ, ಇನ್ನೊಂದು ತುದಿ ನನ್ನದಕ್ಕೆ ಕಟ್ಟಿದೆ. ಕಾಲುವೆ ದಾರಿಗೆ ಇಳಿದೆವು. ಅವಳನ್ನು ನೀರಿನಿಂದ ದೂರದ ಬದಿಗೆ ನಿಲ್ಲಿಸಿ, ನಾನು ಕಾಲುವೆಯ ಬದಿಗೆ ನಿಂತೆ.

ಸಹೋದರಿಯರೇ, ನಡೆಸುವುದು ಸುಲಭ ಎಂದುಕೊಂಡಿದ್ದೆ. ಮೊದಲ ಹತ್ತು ನಿಮಿಷ ನಾನು ಬಾಯಲ್ಲಿ "ಹುಷಾರು, ಹುಷಾರು" ಎನ್ನುತ್ತಲೇ ಇದ್ದೆ, ಕೈಯಲ್ಲಿ ಎಳೆಯುತ್ತಲೇ ಇದ್ದೆ. ಅವಳು ನಿಂತುಬಿಟ್ಟಳು. "ಖಾಲಾ, ಹುಷಾರು ಅಂದರೆ ನನಗೆ ಹೆದರಿಕೆಯಾಗುತ್ತದೆ, ದಾರಿ ತಿಳಿಯುವುದಿಲ್ಲ. ಎಡಕ್ಕೆ ಗುಂಡಿ, ಎರಡು ಹೆಜ್ಜೆ ಅನ್ನಿ. ಮುಂದೆ ಏರು ಅನ್ನಿ. ಎಳೆಯಬೇಡಿ, ಜೊತೆಗೆ ಬನ್ನಿ." ಜೀವನವಿಡೀ ನಾನು ಮಕ್ಕಳಿಗೆ ಹುಷಾರು ಎಂದೇ ಹೇಳಿಕೊಂಡು ಬಂದವಳು. ದಾರಿ ಹೇಳುವುದನ್ನು ಅಂದು ಕಲಿತೆ.

ಅಂದು ನಡೆದದ್ದು ಒಂದೂವರೆ ಕಿ.ಮೀ. ಮಾತ್ರ. ಮರುದಿನ ಎರಡು. ನಾಲ್ಕನೆಯ ದಿನ ಅವಳು "ಸ್ವಲ್ಪ ಓಡೋಣ" ಎಂದಳು. ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬದವರೆಗೆ ಓಟ, ಮುಂದಿನ ಕಂಬದವರೆಗೆ ನಡಿಗೆ. ಕಂಬ ಬಂತೆಂದು ನಾನು ಹೇಳುವುದು, ಹೆಜ್ಜೆ ಎಣಿಸುವುದು ಅವಳು. ನಾಟಿಗೆ ಹೊರಟ ಹೆಂಗಸರು ನಿಂತು ನೋಡಿದರು. ಅಜ್ಜನೊಬ್ಬರು, "ಪಾಪದ ಹುಡುಗಿಯನ್ನು ಯಾಕಮ್ಮಾ ಕಟ್ಟಿಕೊಂಡು ಎಳೆಯುತ್ತೀ?" ಎಂದು ಗದರಿದರು. "ಎಳೆಯುತ್ತಿರುವುದು ನಾನು ಅಜ್ಜಾ, ನಮ್ಮ ಖಾಲಾನ!" ಎಂದು ಅವಳು ಉತ್ತರ ಕೊಟ್ಟಳು. ಅದು ಸುಳ್ಳೂ ಅಲ್ಲ. ಏದುಸಿರು ಬಿಡುತ್ತಿದ್ದವಳು ನಾನು.

ಮನೆಯಲ್ಲಿ ಇಂಥ ಮಕ್ಕಳಿರುವವರಿಗೆ ಉಪಯೋಗವಾಗಲೆಂದು ಅಭ್ಯಾಸದ ಕೆಲವು ವಿಷಯ ಹೇಳುತ್ತೇನೆ. ದೀರ್ಘ ದೂರದ ಸ್ಪರ್ಧೆಗೆ ತಯಾರಿ ಎಂದರೆ ಒಮ್ಮೆಲೇ ದೂರ ಓಡುವುದಲ್ಲ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಡುವೆ ವಿಶ್ರಾಂತಿಯ ದಿನ ಇರಲೇಬೇಕು. ಕೃತಕ ಕಾಲು ಹಾಕುವವರು ಪ್ರತಿದಿನ ಚರ್ಮ ಉಜ್ಜಿಹೋಗಿದೆಯೇ, ಹುಣ್ಣಾಗಿದೆಯೇ ಎಂದು ನೋಡಿಕೊಳ್ಳಬೇಕು. ಗಾಲಿಕುರ್ಚಿಯವರಿಗೆ ಭುಜವೇ ಕಾಲು. ಅದು ಸವೆಯದಂತೆ ಜೋಪಾನ ಮಾಡಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಬೆವರುವ ಶಕ್ತಿ ಕುಂದಿರುವುದರಿಂದ ಬಿಸಿಲಿನಲ್ಲಿ ಮೈ ಬೇಗ ಕಾಯುತ್ತದೆ, ಅದಕ್ಕಾಗಿ ತಣ್ಣನೆಯ ಹೊತ್ತನ್ನೇ ಆರಿಸಿಕೊಳ್ಳಬೇಕು. ಇವೆಲ್ಲಕ್ಕೂ ಮೊದಲು ವೈದ್ಯರನ್ನು ಕಾಣಬೇಕು.

ಈಜಿನ ವಿಷಯ ಬೇರೆ. ಅಷ್ಟು ನೀರು ಹರಿಯುತ್ತಿದೆಯಲ್ಲ, ಅಲ್ಲೇ ಕಲಿಯಬಾರದೇ ಎಂದು ನಿಮಗೆ ಅನ್ನಿಸಬಹುದು. ಖಂಡಿತ ಕೂಡದು. ಕಾಲುವೆಯ ಇಳಿಜಾರು ಗೋಡೆಗೆ ಪಾಚಿ ಕಟ್ಟಿ ಜಾರುತ್ತದೆ, ಸೆಳೆತ ಜೋರು, ಹಿಡಿದು ಮೇಲೆ ಬರಲು ಆಧಾರವಿಲ್ಲ. ಬಟ್ಟೆ ಒಗೆಯಲು ಇಳಿದವರೇ ಹೋದ ಉದಾಹರಣೆಗಳಿವೆ. ಈಜನ್ನು ಕೊಳದಲ್ಲೇ, ಕಲಿಸುವವರ ಬಳಿಯೇ ಕಲಿಯಬೇಕು. ಕಣ್ಣು ಕಾಣದವರು ಕೊಳದ ಅಂಚು ತಲುಪುವ ಮೊದಲು, ತುದಿಗೆ ಮೆತ್ತನೆಯ ಉಂಡೆ ಕಟ್ಟಿದ ಕೋಲಿನಿಂದ ಅವರನ್ನು ಮುಟ್ಟಿ ಎಚ್ಚರಿಸುತ್ತಾರೆ. ಅದಕ್ಕೂ ಒಬ್ಬರು ಬೇಕು. ಹಳ್ಳಿಯ ಹುಡುಗಿಗೆ ಕೊಳವೂ ದೂರ, ಕಲಿಸುವ ಮಹಿಳೆಯೂ ದೂರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲಿಯೂ ಅವರಿಗೆ ಅವಕಾಶ ಕಲ್ಪಿಸಬೇಕೆಂದು ಹೇಳುತ್ತದೆ. ಕಾಯ್ದೆ ಕತ್ತಲಗೆರೆಯನ್ನು ತಲುಪಬೇಕಾದರೆ ಯಾರಾದರೂ ಹೋಗಿ ಕೇಳಬೇಕು.

ಆದ್ದರಿಂದ ಅವಳು ನಾಳೆಯೇ ಐರನ್‌ಮ್ಯಾನ್ ಆಗುತ್ತಾಳೆಂದು ನಾನು ಹೇಳುವುದಿಲ್ಲ. ಈಜು ಇನ್ನೂ ಶುರುವಾಗಿಲ್ಲ. ಜೋಡಿ ಸೈಕಲ್ ಇಲ್ಲ. ಇರುವುದು ಸ್ಟ್ಯಾಂಡಿನ ಮೇಲಿನ ಹಳೆಯ ಸೈಕಲ್, ಕಾಲುವೆ ದಾರಿ ಮತ್ತು ಒಂದು ದುಪಟ್ಟಾ. ಅವಳಿಗೂ ಇದು ಗೊತ್ತು. "ಮೊದಲು ಐದು ಕಿಲೋಮೀಟರ್ ಖಾಲಾ. ಆಮೇಲಿನದು ಆಮೇಲೆ," ಎನ್ನುತ್ತಾಳೆ.

ನನ್ನ ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಬಿದ್ದರೆ? ಜನ ಆಡಿಕೊಂಡರೆ? ನಾಳೆ ಮದುವೆಯ ಮಾತು ಬಂದಾಗ ತೊಂದರೆಯಾದರೆ? ತಾಯಿಯ ಭಯವನ್ನು ಹಗುರವಾಗಿ ಕಾಣಬಾರದು. ಏಳನೆಯ ದಿನ ಮಗಳು ಬಿದ್ದೇಬಿಟ್ಟಳು. ಟ್ರ್ಯಾಕ್ಟರಿನ ಗಾಲಿ ಮಾಡಿದ್ದ ಹಳ್ಳವನ್ನು ಹೇಳಲು ನಾನೇ ಮರೆತಿದ್ದೆ. ಮಂಡಿ ತರಚಿ ರಕ್ತ ಬಂತು. ಮನೆಗೆ ಬಂದಾಗ ಅಕ್ಕ ಒಂದು ಮಾತೂ ಆಡದೆ ಅರಿಶಿನ ಹಚ್ಚಿದಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಕ್ಕ ಅಂಗಳದಲ್ಲಿ ಬುರ್ಖಾ ತೊಟ್ಟು, ಮಗನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತಿದ್ದಳು. "ನಿನಗೆ ಆ ದಾರಿ ಗೊತ್ತಿಲ್ಲ. ಎಲ್ಲಿ ಹಳ್ಳ ಇದೆ, ಎಲ್ಲಿ ತೂಬು ಇದೆ, ನನಗೆ ಗೊತ್ತು. ಇಪ್ಪತ್ತೈದು ವರ್ಷ ಓಡಾಡಿದ್ದೇನೆ. ಕೊಡು ಇಲ್ಲಿ," ಎಂದು ದುಪಟ್ಟಾದ ತುದಿಯನ್ನು ನನ್ನ ಕೈಯಿಂದ ಬಿಚ್ಚಿಕೊಂಡಳು.

ಮಂಜಿನಲ್ಲಿ ತಾಯಿ ಮಗಳು ಹೋಗುವುದನ್ನು ನಾನು ಹಿಂದಿನಿಂದ ನೋಡಿದೆ. ಅಕ್ಕನ ದನಿ ಕೇಳಿಸುತ್ತಿತ್ತು: "ಬಲಕ್ಕೆ ಕಲ್ಲು... ಈಗ ಸಮ... ಮುಂದೆ ತೂಬು, ಕಾಲೆತ್ತು."

ನಾನು ಊರಿಗೆ ಮರಳಿ ಕೆಲವು ತಿಂಗಳಾಗಿವೆ. ಮೊನ್ನೆ ಫೋನು ಬಂತು. ಐದು ಕಿಲೋಮೀಟರ್ ಆಯಿತಂತೆ. ನಡುವೆ ಎರಡು ಸಲ ನಿಂತರಂತೆ, ನಿಂತದ್ದು ಅಮ್ಮನಿಗಾಗಿ! ಪಕ್ಕದ ಮನೆಯ ಕಾಲೇಜು ಹುಡುಗಿ ಭಾನುವಾರ ತಾನೂ ಬರುತ್ತೇನೆ ಎಂದಿದ್ದಾಳಂತೆ. ದಾವಣಗೆರೆಯಲ್ಲಿ ಈಜು ಕಲಿಸುವ ಮಹಿಳೆ ಯಾರಾದರೂ ಇದ್ದಾರೆಯೇ ಎಂದು ಅಣ್ಣ ವಿಚಾರಿಸುತ್ತಿದ್ದಾನಂತೆ.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ಇಂಥ ಒಂದು ಮಗು ಇರಬಹುದು. ಅದಕ್ಕೆ ನಾವು ಸಿಹಿ ಕೊಡುತ್ತೇವೆ, ಹೊಸ ಬಟ್ಟೆ ಕೊಡುತ್ತೇವೆ, ಕಣ್ಣೀರನ್ನೂ ಕೊಡುತ್ತೇವೆ. ಮುಂಜಾನೆಯ ಅರ್ಧ ಗಂಟೆ ಕೊಟ್ಟಿದ್ದೇವೆಯೇ? ನಾನಂತೂ ಆ ಚಪ್ಪಲಿ ಕಾದ ಹುಡುಗಿ ಈಗ ಎಲ್ಲಿದ್ದಾಳೆಂದು ಹುಡುಕುತ್ತಿದ್ದೇನೆ. ಸಿಕ್ಕರೆ ಮೊದಲು ಕ್ಷಮೆ ಕೇಳಬೇಕು. ಆಮೇಲೆ ಅವಳು ಒಪ್ಪಿದರೆ, ಅವಳ ಜೊತೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗಾದರೂ ಹೋಗಿಬರಬೇಕು.